ಅಮ್ಮ ಪಡುಬಿದ್ರಿಯಲ್ಲಿ ಇಳಿದಳು

ಮಂಗಳೂರಿನಿಂದ ಉಡುಪಿಗೆ ಹೊರಟಿದ್ದೆವು. ಮೂಲ್ಕಿ ದಾಟುವವರೆಗೂ ಅಮ್ಮ ಏನೂ ಹೇಳಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಕೆ, ಇನ್ನೊಂದು ಕೈಯಲ್ಲಿ ಮಡಿಲ ಮೇಲಿದ್ದ ಸ್ಟೀಲ್ ಡಬ್ಬಿ ಹಿಡಿದು ಕೂತಿದ್ದಳು. ಪಡುಬಿದ್ರಿ ಬಸ್ ಸ್ಟಾಪಿನ ಹತ್ತಿರ "ಇಲ್ಲಿ ಒಂದು ಚೂರು ನಿಲ್ಲಿಸು ಮಗ" ಅಂದಳು. ಬೊಂಡ ಕುಡಿಯಲಿಕ್ಕೆ ಇರಬೇಕು ಎಂದುಕೊಂಡು ನಿಲ್ಲಿಸಿದೆ. ಇಳಿದಳು, ಸೆರಗು ಸರಿಮಾಡಿಕೊಂಡಳು, ಹಿಂದಿನಿಂದ ಬರುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸಿಗೆ ಕೈ ತೋರಿಸಿದಳು. "ನೀನು ನಿಧಾನಕ್ಕೆ ಬಾ. ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾಯ್ತೇನೆ."

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಮ್ಮೆ ನಿಂತು ಪ್ರಯಾಣ ಮಾಡಿದವರಿಗೆ ನನ್ನ ಅವಮಾನದ ಅಳತೆ ಗೊತ್ತಾಗುತ್ತದೆ. ಆ ಬಸ್ಸಿಗಿಂತ ನನ್ನ ಕಾರು ಕಷ್ಟ ಅಂತ ಅಮ್ಮ ತೀರ್ಮಾನಿಸಿದ್ದಳು. ಅದೂ ಆ ಕಾರಿಗೆ ನಾನು ನಾಲ್ಕು ತಿಂಗಳ ಹಿಂದೆಯಷ್ಟೇ ಹದಿನೆಂಟು ಸಾವಿರ ಸುರಿದ ಮೇಲೆ.

ಕಾರು 2014ರ ಸ್ವಿಫ್ಟ್. ಎಪ್ಪತ್ತೆಂಟು ಸಾವಿರ ಕಿಲೋಮೀಟರ್ ಓಡಿತ್ತು. ಏನೂ ತೊಂದರೆ ಇರಲಿಲ್ಲ, ಅದೇ ನನ್ನ ತೊಂದರೆ. ತಿರುವಿನಲ್ಲಿ ಸ್ವಲ್ಪ ವಾಲುತ್ತದೆ, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಜಾಗ ಜಾಸ್ತಿ ಕಾಣುತ್ತದೆ ಎಂದೆಲ್ಲ ಅನ್ನಿಸಿ, ಕೆಂಪು ಬಣ್ಣದ ಗಿಡ್ಡ ಸ್ಪ್ರಿಂಗ್ ನಾಲ್ಕು ತರಿಸಿ ಹಾಕಿಸಿದ್ದೆ. ಜೊತೆಗೆ 15 ಇಂಚಿನ ಚಕ್ರ ತೆಗೆದು 16 ಇಂಚಿನದ್ದು. ಟೈರು 185/65 ಇದ್ದದ್ದು 195/55 ಆಯಿತು. ಮೊದಲಿನ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ. ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ. ಆದರೆ ಟೈರಿನ ಪಕ್ಕದ ಗೋಡೆ 120 ಮಿಲಿಮೀಟರಿನಿಂದ 107ಕ್ಕೆ ಇಳಿದಿತ್ತು. ಹೊಂಡಕ್ಕೆ ಮೊದಲು ಬಗ್ಗಬೇಕಾದ ರಬ್ಬರಿನಲ್ಲೇ ಹದಿಮೂರು ಮಿಲಿಮೀಟರ್ ಖೋತಾ. ನಿಂತಾಗ ಕಾರು ಚಂದವೋ ಚಂದ. ಅಪಾರ್ಟ್‌ಮೆಂಟಿನ ವಾಚ್‌ಮನ್ ಸಹ ಹೊಗಳಿದ್ದ.

ಉಡುಪಿ ಬಸ್‌ಸ್ಟ್ಯಾಂಡ್ ಮುಟ್ಟುವಾಗ ಅಮ್ಮ ಕಾಫಿ ಕುಡಿದು ಮುಗಿಸಿ ಕೂತಿದ್ದಳು. ಬೈಯಲಿಲ್ಲ. ವಾಪಸ್ ಬರುವಾಗ ಕೇಳದೆಯೇ ಬಸ್ಸು ಹತ್ತಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬೋಂದೆಲ್ ಬಳಿಯ ಒಂದು ಸಣ್ಣ ಗ್ಯಾರೇಜಿನ ಎದುರು ನಿಂತಿದ್ದೆ. ಸ್ಪ್ರಿಂಗ್ ಹಾಕಿಸಿದ್ದು ಇಲ್ಲಲ್ಲ. ಇದು ಅಪ್ಪ ಇರುವಾಗ ನಮ್ಮ ಹಳೇ ಕಾರು ಬರುತ್ತಿದ್ದ ಜಾಗ. ಮೇಸ್ತ್ರಿಗೆ ಅರವತ್ತು ದಾಟಿದೆ. ಮಳೆಗಾಲ ಮುಗಿದ ಹೊಸತು, ಹೊಂಡಕ್ಕೆ ಬಿದ್ದು ಬಂದ ಕಾರುಗಳು ಸಾಲಾಗಿ ನಿಂತಿದ್ದವು. ಅವರು ನನ್ನ ಕಾರಿನ ಮೂಲೆಯನ್ನು ಎರಡೂ ಕೈಯಲ್ಲಿ ಒತ್ತಿ ಬಿಟ್ಟರು. ಎರಡು ಸಲ ಕುಣಿಯಿತು, ಮೂರನೇ ಸಲಕ್ಕೂ ಸಣ್ಣಗೆ ತಲೆಯಾಡಿಸಿತು.

"ಸ್ಪ್ರಿಂಗ್ ಗಟ್ಟಿ, ಶಾಕ್ ಹಳೇದು. ಎಳೇ ಹೋರಿಯನ್ನು ಮುದುಕನ ಕೈಗೆ ಕೊಟ್ಟ ಹಾಗೆ ಆಗಿದೆ" ಅಂದರು.

ನನಗೆ ಆವತ್ತಿನವರೆಗೆ ಈ ಎರಡರ ಕೆಲಸ ಬೇರೆ ಬೇರೆ ಎಂಬುದು ಓದಿ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಭಾರ ಹೊರುವುದು ಸ್ಪ್ರಿಂಗ್. ಒತ್ತಿದರೆ ಶಕ್ತಿಯನ್ನು ಒಳಗೆ ಇಟ್ಟುಕೊಂಡು ವಾಪಸ್ ಕೊಡುತ್ತದೆ. ಆ ವಾಪಸ್ ಬರುವ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗುವಾಗ ಕುಣಿತ ಬಿಸಿಯಾಗಿ ಹೋಗುತ್ತದೆ. ಸಾಮಾನ್ಯ ಕಾರಿನ ಮೈ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುವಂತೆ ಸ್ಪ್ರಿಂಗ್ ಆರಿಸಿರುತ್ತಾರೆ. ಸ್ಪ್ರಿಂಗ್ ಗಟ್ಟಿ ಮಾಡಿದರೆ ಆಟ ಚುರುಕಾಗುತ್ತದೆ, ಅದನ್ನು ಹಿಡಿಯುವ ಶಾಕ್ ಕೂಡ ಅದಕ್ಕೆ ತಕ್ಕ ಹಾಗೆ ಗಟ್ಟಿಯಾಗಬೇಕು. ನಾನು ಅರ್ಧ ಮಾತ್ರ ಬದಲಿಸಿದ್ದೆ.

ಆದರೂ ಮೇಸ್ತ್ರಿ ಸ್ಪ್ರಿಂಗ್ ಬಿಚ್ಚಲು ಒಪ್ಪಲಿಲ್ಲ. "ಮೊದಲು ಗಾಳಿ ನೋಡುವ" ಅಂದರು. ಟೈರಿನಲ್ಲಿ ಬಾಗಿಲ ಬಳಿಯ ಸ್ಟಿಕ್ಕರ್ ಹೇಳಿದ್ದಕ್ಕಿಂತ ಎಂಟು ಪಿಎಸ್ಐ ಜಾಸ್ತಿ. ಮೈಲೇಜ್ ಬರುತ್ತದೆ ಅಂತ ನಾನೇ ಪೆಟ್ರೋಲ್ ಬಂಕಿನಲ್ಲಿ ಹಾಕಿಸುತ್ತಿದ್ದದ್ದು. ಅದೂ ಓಡಿಸಿ ಬಿಸಿಯಾದ ಟೈರಿನ ಲೆಕ್ಕದಲ್ಲಿ ಏನೂ ಏರಿದ್ದಲ್ಲ, ರಾತ್ರಿಯಿಡೀ ನಿಂತು ತಣ್ಣಗಾಗಿ, ಮನೆಯಿಂದ ಎರಡು ಕಿಲೋಮೀಟರ್ ಮಾತ್ರ ಬಂದ ಟೈರು. ಗಾಳಿ ಇಳಿಸಿದರು. "ಒಂದು ರೌಂಡ್ ಹೋಗಿ ಬನ್ನಿ. ಇವತ್ತು ಏನು ಮಾಡಿದರೂ ಒಂದೊಂದೇ. ರಸ್ತೆ ಅದೇ, ಸ್ಪೀಡ್ ಅದೇ."

ರಸ್ತೆ ಅವರೇ ಹೇಳಿದರು. ಕಾವೂರು, ಮರವೂರು ಸೇತುವೆ, ಕೆಂಜಾರು ಗುಡ್ಡ ಹತ್ತಿ ವಿಮಾನ ನಿಲ್ದಾಣದ ಕ್ರಾಸ್‌ವರೆಗೆ, ವಾಪಸ್. ಒಂದು ಸುತ್ತಿನಲ್ಲಿ ಎಲ್ಲವೂ ಸಿಗುತ್ತದೆ: ಕಾಂಕ್ರೀಟಿನ ಸಂದುಗಳ ಡಬ್ ಡಬ್, ಸೇತುವೆಯ ಜಾಯಿಂಟು, ಹಂಪು, ಏರಿನಲ್ಲಿ ತಿರುವು. 2021ರ ಜೂನ್‌ನಲ್ಲಿ ಆ ಹಳೇ ಸೇತುವೆಯ ಕಂಬ ಕುಸಿದು ಫಲ್ಗುಣಿಯ ಆಚೆಗೆ ಹೋಗಲಿಕ್ಕೆ ನಾವೆಲ್ಲ ಸುತ್ತು ಹಾಕಿದ್ದು ಈಗಲೂ ಅಲ್ಲಿ ದಾಟುವಾಗ ನೆನಪಾಗುತ್ತದೆ.

ಮೊದಲ ಸುತ್ತಿನಲ್ಲೇ ಕಾಂಕ್ರೀಟಿನ ಸದ್ದು ಮೆತ್ತಗಾಯಿತು. ಒಂದು ರೂಪಾಯಿ ಖರ್ಚಿಲ್ಲ. ಖುಷಿಯ ಬದಲು ಸಿಟ್ಟು ಬಂತು.

ಎರಡನೇ ಸುತ್ತಿಗೆ ಮೊದಲು ಮೇಸ್ತ್ರಿ ಮುಂದಿನ ಚಕ್ರ ಬಿಚ್ಚಿ, ಶಾಕಿನ ರಬ್ಬರ್ ಗವಸನ್ನು ಮೇಲಕ್ಕೆ ಸರಿಸಿ, ಹೊಳೆಯುವ ರಾಡಿಗೆ ವಯರ್ ಕಟ್ಟುವ ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿದು ಸೀಲಿನ ತನಕ ಕೆಳಗೆ ತಂದರು. ಶಾಕ್ ಒಳಗೆ ಹೋದಷ್ಟೂ ಪಟ್ಟಿ ಮೇಲೆ ತಳ್ಳಿಸಿಕೊಂಡು ಅಲ್ಲೇ ಉಳಿಯುತ್ತದೆ, ನದಿಯ ನೆರೆ ಇಳಿದ ಮೇಲೆ ಗೋಡೆಯಲ್ಲಿ ಗುರುತು ಉಳಿದ ಹಾಗೆ. ವಾಪಸ್ ಬಂದು ನೋಡಿದರೆ ಪಟ್ಟಿ ಬಂಪ್ ಸ್ಟಾಪಿಗೆ ಹೋಗಿ ಅಂಟಿಕೊಂಡಿತ್ತು. ಬಂಪ್ ಸ್ಟಾಪ್ ಅಂದರೆ ಶಾಕಿಗೆ ಇನ್ನು ಜಾಗವೇ ಇಲ್ಲ ಎಂದಾಗ ಕೊನೆಗೆ ಸಿಗುವ ರಬ್ಬರ್ ದಿಂಬು. ನನ್ನ ಕಾರಿನಲ್ಲಿ ಅದನ್ನೂ ಯಾರೋ ಅರ್ಧಕ್ಕೆ ಕತ್ತರಿಸಿ ಇಟ್ಟಿದ್ದರು, ಗಿಡ್ಡ ಸ್ಪ್ರಿಂಗಿಗೆ ಜಾಗ ಆಗಲಿ ಅಂತ. ಅಷ್ಟಾದರೂ ನಿಂತ ಕಾರಿನಲ್ಲಿ ಉಳಿದಿದ್ದ ಜಾಗ ಎರಡು ಬೆರಳಗಲ.

"ಈ ಕಾರು ಸ್ಪ್ರಿಂಗ್ ಮೇಲೆ ಓಡ್ತಾ ಇಲ್ಲ ಮಾರಾಯ್ರೆ. ಈ ತುಂಡು ರಬ್ಬರಿನ ಮೇಲೆ ಓಡ್ತಾ ಉಂಟು."

ಕೆಂಜಾರಿನ ತಿರುವಿನ ಗುಟ್ಟು ಆಗ ಬಿಡಿಸಿಕೊಂಡಿತು. ಅಲ್ಲಿ ಎಡಕ್ಕೆ ತಿರುಗಿಸಿದರೆ ಮೊದಲು ಚೂಪಾಗಿ ತಿರುಗುತ್ತಿತ್ತು, ಅರ್ಧ ತಿರುವಿನಲ್ಲಿ ಇದ್ದಕ್ಕಿದ್ದಂತೆ ಮೂಗು ಹೊರಗೆ ಓಡುತ್ತಿತ್ತು. ಟೈರಿನ ದೋಷ ಎಂದುಕೊಂಡಿದ್ದೆ. ನಿಜವಾಗಿ ಭಾರವೆಲ್ಲ ಬಲ ಮುಂಚಕ್ರಕ್ಕೆ ಬಿದ್ದಾಗ ಶಾಕ್ ಬಂಪ್ ಸ್ಟಾಪ್ ಮುಟ್ಟುತ್ತಿತ್ತು. ಆ ಗಳಿಗೆಯಲ್ಲಿ ಸ್ಪ್ರಿಂಗ್ ಎಷ್ಟೋ ಪಟ್ಟು ಗಟ್ಟಿಯಾದ ಹಾಗೆ. ಟೈರು ರಸ್ತೆಯ ಏರಿಳಿತದ ಹಿಂದೆ ಹೋಗಲಾರದೆ ಜಾರುತ್ತಿತ್ತು. ಸ್ವಿಫ್ಟ್‌ನ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿ ಕೂತ ಜೋಡಣೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. ಸರಳ, ಅಗ್ಗ, ಜಾಗ ಕಡಿಮೆ. ಆದರೆ ಈ ವಿನ್ಯಾಸದಲ್ಲಿ ಕಾರನ್ನು ತೀರಾ ತಗ್ಗಿಸಿದರೆ ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳಗಿನ ಆರ್ಮ್‌ಗಳ ಓರೆ ತಪ್ಪಿ, ಕಾರಿನ ಮೈ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರಿಗಿಂತಲೂ ಜಾಸ್ತಿ ಕೆಳಗೆ ಇಳಿಯುತ್ತದೆ. ವಾಲಿಸುವ ಬಲಕ್ಕೆ ಸಿಗುವ ಸನ್ನೆಕೋಲು ಉದ್ದವಾಗುತ್ತದೆ, ಅಂದರೆ ಕಾರನ್ನು ವಾಲಿಸುವ ಒತ್ತಡ ಹೆಚ್ಚುತ್ತದೆ. ವಾಲುವುದನ್ನು ತಪ್ಪಿಸಲು ತಗ್ಗಿಸಿದ ನನಗೆ ಇದನ್ನು ಜೀರ್ಣಿಸಿಕೊಳ್ಳಲು ಒಂದು ಪ್ಲೇಟ್ ಗೋಳಿಬಜೆ ಬೇಕಾಯಿತು. ಎದುರಿನ ಹೋಟೆಲಿನದ್ದು, ಚೂರು ಎಣ್ಣೆ ಜಾಸ್ತಿ.

ಹಳೇ ಸ್ಪ್ರಿಂಗ್‌ಗಳು ಮನೆಯ ಅಟ್ಟದಲ್ಲಿದ್ದವು. ಸಮುದ್ರದ ಗಾಳಿಗೆ ಅಲ್ಲಲ್ಲಿ ತುಕ್ಕು ಹೂ ಬಿಟ್ಟಿತ್ತು. ಮೇಸ್ತ್ರಿ ಉಜ್ಜಿ, ಸೀಳು ಇದೆಯೇ ಅಂತ ಒಂದೊಂದು ಸುತ್ತನ್ನೂ ಉಗುರಿನಿಂದ ಗೀರಿ ನೋಡಿ ಪಾಸು ಮಾಡಿದರು. ಶಾಕ್ ನಾಲ್ಕೂ ಹೊಸದು, ಕಂಪನಿಯದ್ದೇ ಸಾಧಾರಣ ನಮೂನೆಯದ್ದು. ಸೋರುತ್ತಿದ್ದದ್ದು ಒಂದೇ ಆದರೂ ಜೋಡಿಯಾಗಿಯೇ ಹಾಕಬೇಕು, ಇಲ್ಲದಿದ್ದರೆ ಎಡ ಬಲ ಬೇರೆ ಬೇರೆ ನಡೆಯುತ್ತದೆ. ಬಂಪ್ ಸ್ಟಾಪ್, ಮೇಲಿನ ಮೌಂಟ್, ಕಟಕಟ ಅನ್ನುತ್ತಿದ್ದ ಲಿಂಕ್ ರಾಡ್, ಕೆಳಗಿನ ಆರ್ಮ್ ಮೈಗೆ ಸೇರುವಲ್ಲಿ ಕೂರುವ ರಬ್ಬರ್ ಬುಷ್ ಸಹ ಹೊಸದು. ಬಿಲ್ಲಿನ ವಿಷಯ ಬೇಡ.

ಸ್ಪ್ರಿಂಗನ್ನು ಅದನ್ನು ಒತ್ತಿ ಹಿಡಿಯುವ ಕಂಪ್ರೆಸರಿನಲ್ಲಿ ಬಿಗಿಯುವಾಗ ನನ್ನನ್ನೂ ಗ್ಯಾರೇಜಿನ ಹುಡುಗನನ್ನೂ ಹೊರಗೆ ಕಳಿಸಿದರು. ಅದು ಜಾರಿದರೆ ಮನುಷ್ಯನನ್ನು ಉಳಿಸುವುದಿಲ್ಲ ಅಂತ ಅಷ್ಟೇ ಹೇಳಿದರು.

ಎಲ್ಲ ಜೋಡಿಸಿ ಜಾಕಿನಿಂದ ಇಳಿಸಿದಾಗ ಸಂಜೆ ನಾಲ್ಕು. ನಾನು ಕೀಲಿಗೆ ಕೈ ಚಾಚಿದೆ. "ಇರಿ, ಇನ್ನೂ ಬುಷ್ ಬೋಲ್ಟ್ ಟೈಟ್ ಮಾಡ್ಲಿಲ್ಲ." ಜಾಕಿನ ಮೇಲೆ ಇರುವಾಗಲೇ ಯಾಕೆ ಮಾಡಲಿಲ್ಲ ಅಂತ ಕೇಳಿದ್ದಕ್ಕೆ ಅವರು ಕೇಳಿದ ಪ್ರಶ್ನೆ: "ನೀವು ಪಂಚೆ ಕೂತು ಕಟ್ತೀರಾ, ನಿಂತು ಕಟ್ತೀರಾ?"

ಬುಷ್ ಒಳಗಿನ ರಬ್ಬರು ಹೊರಗಿನ ಉಂಗುರಕ್ಕೂ ಒಳಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಚಕ್ರ ಗಾಳಿಯಲ್ಲಿ ಜೋತಾಡುವಾಗ ಬೋಲ್ಟ್ ಬಿಗಿದರೆ ರಬ್ಬರಿಗೆ ಆ ಜೋತ ಸ್ಥಿತಿಯೇ ಸಹಜ ಸ್ಥಿತಿ. ಕಾರು ನೆಲಕ್ಕೆ ಬಂದ ಕ್ಷಣದಿಂದ ಅದು ತಿರುಚಿಕೊಂಡೇ ಬದುಕಬೇಕು. ಸವಾರಿ ಬಿಗಿಯಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಅದಕ್ಕೆ ಕಾರನ್ನು ಪಿಟ್ ಮೇಲೆ ನಿಲ್ಲಿಸಿ, ನಾಲ್ಕು ಸಲ ಒತ್ತಿ ಕುಣಿಸಿ, ಭಾರವೆಲ್ಲ ಚಕ್ರದ ಮೇಲೆ ಕೂತ ಮೇಲೆ ಕೆಳಗೆ ಇಳಿದು ಬಿಗಿದರು. ಹಳೇ ಬುಷ್ ತೋರಿಸಿದರು. ಒಂದೇ ದಿಕ್ಕಿಗೆ ಸುಳಿಯಾಗಿ ಹರಿದಿತ್ತು.

ಮಾರನೇ ದಿನ ಅಲೈನ್‌ಮೆಂಟ್, ಅಂದರೆ ಚಕ್ರಗಳ ಓರೆ ಸರಿಮಾಡಿಸುವುದು. ಅಲ್ಲಿನ ಹುಡುಗನಿಗೆ ಪರದೆಯಲ್ಲಿ ಎಲ್ಲ ಹಸಿರಾದರೆ ಸಾಕು. ಮುಂದಿನ ಚಕ್ರಗಳ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು, ಎರಡೂ ಕಡೆ ಸಮ ಇರಲಿ, ಸ್ಟೀರಿಂಗ್ ನೇರ ಇರಲಿ ಎಂದು ಬೆನ್ನು ಹತ್ತಿ ಮಾಡಿಸಿಕೊಂಡೆ. ಟೋ ಹೊರಕ್ಕೆ ತೆರೆದಿದ್ದದ್ದು ಆಗ ಕಂಡಿತು. ಹೈವೇಯಲ್ಲಿ ಕಾರು ನೇರ ಹೋಗದೆ ಆಚೀಚೆ ಮೂಸುತ್ತಿದ್ದದ್ದಕ್ಕೆ ಅದು ಕಾರಣ. ಆಮೇಲೆ ಕೆಂಜಾರಿನ ತಿರುವಿಗೆ ಹೋದೆ. ಕಾರು ಮೊದಲಿಗಿಂತ ಕಣ್ಣಿಗೆ ಕಾಣುವಷ್ಟು ವಾಲಿತು. ವಾಲಿ, ಹೊರಗಿನ ಚಕ್ರದ ಮೇಲೆ ಕೂತು, ತಿರುವು ಮುಗಿಯುವವರೆಗೆ ಹಿಡಿದ ಗೆರೆ ಬಿಡಲಿಲ್ಲ. ಮಧ್ಯದಲ್ಲಿ ಡಾಂಬರು ಎದ್ದ ಜಾಗದಲ್ಲೂ ಮೂಗು ಅಲ್ಲಾಡಲಿಲ್ಲ. ಮೂರು ಸಲ ಹೋಗಿ ಬಂದೆ.

16 ಇಂಚಿನ ಚಕ್ರವನ್ನು ಮಾತ್ರ ಬಿಡಲಿಲ್ಲ. ಬಿಡಬೇಕಿತ್ತು, ಮೇಸ್ತ್ರಿಯೂ ಹೇಳಿದರು. ಟೈರು ಸವೆಯಲಿ, ನೋಡುವ.

ಅಮ್ಮನನ್ನು ಒಪ್ಪಿಸಲು ಇನ್ನೊಂದು ತಿಂಗಳು ಬೇಕಾಯಿತು. ಹೆಬ್ರಿಯಲ್ಲಿ ಚಿಕ್ಕಮ್ಮನ ಮನೆ ಪೂಜೆ, ಅಲ್ಲಿಗೆ ಬಸ್ಸು ಬದಲಿಸುವುದು ಕಷ್ಟ, ಹಾಗಾಗಿ ಹತ್ತಿದಳು. ಹಿಡಿಕೆ ಹಿಡಿದೇ ಕೂತಳು. ಮಣಿಪಾಲ ದಾಟಿ, ಪರ್ಕಳ ದಾಟಿ, ಹಿರಿಯಡ್ಕದ ಹತ್ತಿರ ಕನ್ನಡಿಯಲ್ಲಿ ನೋಡುತ್ತೇನೆ, ಕೈ ಹಿಡಿಕೆಯಿಂದ ಇಳಿದು ಮಡಿಲಿಗೆ ಬಂದಿತ್ತು. ಪೆರ್ಡೂರಿನಲ್ಲಿ ನಿದ್ದೆ. ಪೂಜೆ ಮುಗಿದ ಮೇಲೆ ಸಂಜೆಗೆ ಎಲ್ಲರೂ ಆಗುಂಬೆಗೆ ಎಂದರು, ಹದಿನಾಲ್ಕು ತಿರುವಿನಲ್ಲೂ ಅವಳು ಚಿಕ್ಕಮ್ಮನ ಹತ್ತಿರ ಮಾತಾಡುತ್ತಲೇ ಇದ್ದಳು. ಕಾರಿನ ಬಗ್ಗೆ ಒಂದು ಅಕ್ಷರ ಇಲ್ಲ.

ಕೆಂಪು ಸ್ಪ್ರಿಂಗ್‌ಗಳನ್ನು ಮಾರುವ ಅಂತ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೆ. ಸುರತ್ಕಲ್ಲಿನ ಗೆಳೆಯ ಮೊನ್ನೆ ಕೇಳಿದ, ನಾಲ್ಕಕ್ಕೂ ಸೇರಿಸಿ ಒಳ್ಳೇ ರೇಟು ಹೇಳಿದ. ತೆಗೆಯಲು ಅಟ್ಟ ಹತ್ತಿದರೆ ಗೋಣಿಯಲ್ಲಿ ಎರಡೇ ಇವೆ. ಉಳಿದೆರಡು ಅಡುಗೆಮನೆಯ ಮೂಲೆಯಲ್ಲಿ ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೆ ಒಂದೊಂದು ಬೂದುಗುಂಬಳ.

"ಉರುಳುವುದಿಲ್ಲ, ಅಡಿಯಲ್ಲಿ ಗಾಳಿಯೂ ಆಡ್ತದೆ" ಅಂದಳು ಅಮ್ಮ. "ಆ ಇನ್ನೆರಡು ಬೇಕಾದ್ರೆ ಕೊಡು ಅವನಿಗೆ."