ಎರಡು ಪ್ಲೇಟ್, ಒಂದು ಮೊಣಕಾಲು

ಪುಣೆ, 9 ಜುಲೈ 2025, ಬುಧವಾರ

ಮಧ್ಯಾಹ್ನ ನೈಟ್ರಿಕ್ ಆಕ್ಸೈಡ್ ಅಳೆಯುವ ಗ್ರೀಸ್ (Griess) ಪರೀಕ್ಷೆಯ ಪ್ಲೇಟ್ ನೋಡಿ ಖುಷಿಗೆ ಕೈ ನಡುಗಿತು. ಲಕ್ಕಿ ಸೊಪ್ಪಿನ ಸಾರ ಹಾಕಿದ ಗುಂಡಿಗಳಲ್ಲಿ ಗುಲಾಬಿ ಬಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮ್ಯಾಕ್ರೊಫೇಜ್ ಅನ್ನುವ ರೋಗನಿರೋಧಕ ಕೋಶಗಳನ್ನು ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪದರದ ಅಂಶ) ಹಾಕಿ ಕೆರಳಿಸಿದರೆ ಅವು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಅದು ಜಾಸ್ತಿ ಇದ್ದಷ್ಟೂ ಗುಲಾಬಿ ಗಾಢ. ಬಣ್ಣ ಇಳಿದರೆ ಉರಿಯೂತ ಇಳಿಯಿತು ಅಂತ ಲೆಕ್ಕ.

ಸಂಜೆ ಕೋಶ ಬದುಕಿದೆಯಾ ಅಂತ ನೋಡುವ ಎಂಟಿಟಿ ಪ್ಲೇಟ್ ಓದಿದೆ. ಇಲ್ಲಿ ಲೆಕ್ಕ ಉಲ್ಟಾ. ಬದುಕಿರುವ ಕೋಶ ಮಾತ್ರ ಹಳದಿಯನ್ನು ನೇರಳೆ ಮಾಡುತ್ತದೆ. 100 ಮೈಕ್ರೊಗ್ರಾಂ ಸಾಲಿನಲ್ಲಿ ನೇರಳೆಯೇ ಇಲ್ಲ. ಉರಿಯೂತ ಇಳಿದಿರಲಿಲ್ಲ, ಕೋಶಗಳೇ ಸತ್ತಿದ್ದವು. ಸತ್ತ ಕೋಶ ನೈಟ್ರಿಕ್ ಆಕ್ಸೈಡ್ ಎಲ್ಲಿಂದ ಮಾಡಬೇಕು? 25ರ ಸಾಲಿನಲ್ಲಿ ಕೋಶಗಳು ಚೆನ್ನಾಗಿವೆ, ಆದರೆ ಗುಲಾಬಿಯೂ ಹಾಗೇ ಇದೆ. ಸಾರ ಕರಗಿಸುವ ದ್ರಾವಕ ಡಿಎಂಎಸ್‌ಒ ಮಾತ್ರ ಹಾಕಿದ ಸಾಲಿಗೆ ಏನೂ ಆಗಿಲ್ಲ. ಅಂದರೆ ಕೊಂದದ್ದು ನನ್ನ ಸಾರವೇ.

ಅಪ್ಪ ಊರಿಂದ ಕಳಿಸಿದ ಸೊಪ್ಪು ಅದು. ಕೋರೆಗಾಂವ್ ರಸ್ತೆಯ ಬಿಎಸ್‌ಐಗೆ (ಭಾರತೀಯ ಸಸ್ಯ ಸರ್ವೇಕ್ಷಣೆಯ ಕಚೇರಿ) ಒಯ್ದು ಗಿಡ ಗುರುತು ಮಾಡಿಸಿ, ನೆರಳಲ್ಲಿ ಒಣಗಿಸಿ, ಮೆಥನಾಲ್‌ನಲ್ಲಿ ನೆನೆಸಿ ತೆಗೆದದ್ದು.

ಸುಮ್ನೆ ಕೂತಿದ್ದೆ. ಮಾವಶಿ ನೆಲ ಒರೆಸಲು ಬಂದರು. ನಮ್ಮ ಇಂಡಿ ಕಡೆಯ ಮಾವಶಿ. ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ.

"ಯಾಕವ್ವಾ, ಮಾರಿ ಸಣ್ಣದ ಮಾಡ್ಕೊಂಡು ಕುಂತೀದಿ?"

ಲಕ್ಕಿ ಸೊಪ್ಪಿನ ಕೆಲಸ ಕೈ ಕೊಟ್ಟಿತು ಅಂದೆ. ಅವರಿಗೆ ಕೇಳಿಸಿದ್ದು ಲಕ್ಕಿ ಅನ್ನೋದು ಮಾತ್ರ.

"ಇದ ಏನ ಅದು? ಸಣ್ಣ ಬಾಟ್ಲ್ಯಾಗ ಒಂಚೂರ ಕೊಡವ್ವಾ. ಎಲಿ ಕುದಿಸಿ ಕಾಲಿಗೆ ಹಾಕಿ ಹಾಕಿ ಸಾಕಾಗೇದ. ಇದನ್ನ ಒಂದ ಚಮಚ ಹೊಟ್ಟಿಗೇ ತೊಗೊಂತೀನಿ."

ನನಗೆ ಮೈ ಝುಂ ಅಂತು. ಬೇಡ ಮಾವಶಿ, ಇದು ಕುಡಿಯೋದಲ್ಲ ಅಂದೆ.

"ಗಿಡದ್ದ ಅದ ಅಲ್ಲ? ಗಿಡದ್ದು ಏನ ಮಾಡ್ತದ?"

ಪ್ಲೇಟ್ ತೋರಿಸಿದೆ. ನೀವು ಎಲೆಯನ್ನು ನೀರಲ್ಲಿ ಕುದಿಸಿ ಮೇಲೆ ಹಾಕ್ಕೋತೀರಿ. ನಾನು ಮೆಥನಾಲ್ ಹಾಕಿ ತೆಗೆದಿದ್ದೀನಿ. ನೀರಿಗೆ ಇಳಿಯದ ಎಷ್ಟೋ ಅಂಶ ಇದಕ್ಕೆ ಇಳಿದಿರುತ್ತೆ. ಎಲೆ ಒಂದೇ, ಸಾರ ಬೇರೆ. ಈ ಸಾಲಿನ ಕೋಶಗಳೆಲ್ಲ ಇದರಿಂದಲೇ ಸತ್ತವು.

ಮಾವಶಿ ಬಗ್ಗಿ ನೋಡಿದರು. ಏನೂ ಅನ್ನಲಿಲ್ಲ. ಸ್ಟೂಲ್ ಎಳೆದು ಕೂತು ಮೊಣಕಾಲು ನೀವಿಕೊಂಡರು. ಬಲಗಾಲು ಎಡಗಾಲಿಗಿಂತ ದಪ್ಪ ಇದೆ. ಇಷ್ಟು ದಿನ ನಾನು ನೋಡೇ ಇರಲಿಲ್ಲ.

ಆಮೇಲೆ ಮೆಲ್ಲಗೆ ಹೇಳಿದರು. ದಿನಾ ಬೆಳಿಗ್ಗೆ ಐದಕ್ಕೆ ಚಹಾ ಜೊತೆ ಒಂದು ನೋವಿನ ಮಾತ್ರೆ. ಮೆಡಿಕಲ್‌ನವನೇ ಕೊಡೋದು, ಚೀಟಿ ಇಲ್ಲ. ಎಷ್ಟು ದಿನದಿಂದ ಅಂದರೆ "ದೀಪಾವಳಿಯಿಂದ" ಅಂದರು. ಹೊಟ್ಟೆ ಉರಿಯುತ್ತಂತೆ. ಅದಕ್ಕೇ ಗಿಡದ ಔಷಧಿ ಕೇಳಿದ್ದು.

ನೋವು ಮಾಡುವ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕಗಳೇ ಹೊಟ್ಟೆಯ ಒಳಪದರವನ್ನೂ ಕಾಯುತ್ತವೆ. ಅವನ್ನು ತಯಾರಿಸುವ ಕಿಣ್ವಗಳು ಎರಡು: ಉರಿಯೂತದ ಕಡೆಯ ಕಾಕ್ಸ್-2, ಹೊಟ್ಟೆ ಕಾಯುವ ಕಾಕ್ಸ್-1. ಮಾತ್ರೆ ಕಾಕ್ಸ್-2 ಜೊತೆ ಕಾಕ್ಸ್-1ನ್ನೂ ತಡೆದರೆ ಆ ಕಾವಲೂ ಹೋಗುತ್ತದೆ. ಊಟ ಮಾಡಿ ತಗೊಂಡರೂ ಪೂರ್ತಿ ತಪ್ಪಲ್ಲ, ರಕ್ತದ ಮೂಲಕವೂ ಅದು ಅಲ್ಲಿಗೆ ಮುಟ್ಟುತ್ತೆ. ಇದನ್ನೆಲ್ಲ ನಾನು ಥೀಸಿಸ್‌ನ ಮೊದಲ ಅಧ್ಯಾಯದಲ್ಲಿ ಬರೆದಿದ್ದೇನೆ. ಮಾವಶಿಗೆ ಮಾತ್ರ, ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮಲ ಕಪ್ಪಗೆ ಹೋದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಹೇಗೂ ಡಾಕ್ಟರಿಗೆ ತೋರಿಸೋಣ ಅಂತ ಹೇಳಿದೆ.

"ರಜಾ ಹಾಕಿದ್ರ ಪಗಾರ ಕಟ್ ಮಾಡ್ತಾರವ್ವಾ."

ಮಳೆಯಲ್ಲಿ ಬಸ್ಸು ಚಾಂದನಿ ಚೌಕದ ಹತ್ತಿರ ನಿಂತೇ ಇತ್ತು. ಲೆಕ್ಕ ಹಾಕುತ್ತಿದ್ದೆ. ವಿಲೋ ಮರದ ತೊಗಟೆಯಿಂದ ನೋವು ತಗ್ಗಿಸುವ ಸ್ಯಾಲಿಸಿನ್ ತೆಗೆದದ್ದು 1828ರಲ್ಲಿ. ಆಸ್ಪಿರಿನ್ ಆದದ್ದು 1897ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಔಷಧ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ನನ್ನ ಸಾರದಲ್ಲಿ ಕೊಲ್ಲುವ ಅಂಶ ಯಾವುದು, ಉರಿ ತಗ್ಗಿಸುವುದು ಇದ್ದರೆ ಅದು ಯಾವುದು, ಎರಡನ್ನೂ ಬೇರೆ ಮಾಡಬೇಕು. ಆಮೇಲೆ ಇಲಿ. ಪಾದಕ್ಕೆ ಊತ ಬರಿಸುವ ಕ್ಯಾರಜೀನನ್ ಚುಚ್ಚಿ, ಊತ ಅಳೆಯಬೇಕು. ಅದಕ್ಕೂ ಮೊದಲು ನೈತಿಕ ಸಮಿತಿಯ ಒಪ್ಪಿಗೆ. ಮನುಷ್ಯರವರೆಗೆ ಬರೋದು ಎಷ್ಟು ದೂರ! ಮಾವಶಿ ಮಾತ್ರ ನಾಳೆ ಬೆಳಿಗ್ಗೆ ಐದಕ್ಕೇ ಏಳಬೇಕು.

ಸಾರದ ಬಾಟಲಿಯನ್ನು ಫ್ರೀಜರ್‌ನ ಕೆಳಗಿನ ಡ್ರಾಯರ್‌ಗೆ ಹಾಕಿ ಬಂದೆ. ಮೇಲೆ ದಪ್ಪ ಅಕ್ಷರದಲ್ಲಿ ವಿಷ ಅಂತ ಬರೆದೆ. ಕನ್ನಡದಲ್ಲೂ ಮರಾಠಿಯಲ್ಲೂ. ಬರೆದ ಮೇಲೆ ನೆನಪಾಯಿತು, ಮಾವಶಿಗೆ ಓದಲು ಬರುತ್ತೋ ಇಲ್ವೋ ನಾನು ಯಾವತ್ತೂ ಕೇಳಿಲ್ಲ.

ಶನಿವಾರ ಅರ್ಧ ದಿನ ಅವರ ಜೊತೆ ಹೋಗಬಹುದು. 25 ಮತ್ತು 50ರ ಪ್ಲೇಟ್ ಶುಕ್ರವಾರವೇ ಹಾಕಿಬಿಟ್ಟರೆ