ಮಳೆಗಾಲಕ್ಕೆ ಅಂತ ಜೀಪಿಗೆ ಎಸಿ

ಹಳೇ ಮಹೀಂದ್ರ ಎಂಎಂ 540ಗೆ ಎಸಿ ಹಾಕಿಸ್ತೀನಿ ಅಂದಾಗ ಮೂಡಿಗೆರೆಲಿ ನಕ್ಕಿದ್ದೇ ನಕ್ಕಿದ್ದು. "ಟಾಪ್ ಬಿಚ್ಚಿದ್ರೆ ಆಯ್ತಲ್ಲ ಮಾರಾಯಾ, ಇನ್ಯಾವ ಎಸಿ ಬೇಕು ನಿಂಗೆ?" ಬೇಸಿಗೆಲಿ ಈ ಮಾತು ಒಪ್ಕೋತೀನಿ. ಆದ್ರೆ ಜುಲೈಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋವಾಗ, ಬಾಡಿ ಕಟ್ಟಿಸಿರೋ ಹಾರ್ಡ್ ಟಾಪ್ ಒಳಗೆ ನಾಲ್ಕು ಜನ ಒದ್ದೆ ಬಟ್ಟೆಲಿ ಕೂತಿದ್ರೆ ಗ್ಲಾಸ್ ಒಳಗಡೆಯಿಂದ ಬೆಳ್ಳಗಾಗುತ್ತೆ, ಒಂದು ಕೈಲಿ ಸ್ಟೇರಿಂಗು ಇನ್ನೊಂದು ಕೈಲಿ ಹಳೇ ಬನಿಯನ್ ಹಿಡ್ಕೊಂಡು ಒರೆಸ್ತಾ ತಿರುವಲ್ಲಿ ಎದುರು ಬರೋ ಬಸ್ಸಿನ ಲೈಟ್ ಹುಡುಕ್ಬೇಕು. ನಂಗೆ ಎಸಿ ಬೇಕಾಗಿದ್ದು ಅದಕ್ಕೇ.

ಎಸಿ ತಂಪು ಮಾಡೋದರ ಜೊತೆಗೆ ಗಾಳಿನ ಒಣಗಿಸುತ್ತೆ. ಗಾಳಿ ಹಾಯೋ ಇವಾಪರೇಟರ್ ಕಾಯಿಲ್ ತಣ್ಣಗಿರೋದ್ರಿಂದ ಗಾಳೀಲಿರೋ ತೇವ ಅಲ್ಲೇ ನೀರಾಗಿ ಡ್ರೈನ್ ಪೈಪಲ್ಲಿ ಹೊರಗೆ ಹೋಗುತ್ತೆ, ಉಳಿದ ಒಣಗಾಳಿ ಗ್ಲಾಸಿಗೆ ಬಡಿದ್ರೆ ಮಂಜು ಬೇಗ ಬಿಡುತ್ತೆ. ಆದ್ರೆ ಬರೀ ತಣ್ಣನೆ ಗಾಳಿ ಬಿಟ್ರೆ ಗ್ಲಾಸೇ ತಣ್ಣಗಾಗಿ ಹೊರಗಡೆಯಿಂದ ಮಂಜು ಕೂರುತ್ತೆ, ಹಂಗಾಗಿ ಇಂಜಿನ್ನಿನ ಬಿಸಿನೀರಿನ ಹೋಸಿಂದ ಲೈನ್ ತೆಗೆದು ಸಣ್ಣ ಹೀಟರ್ ಕಾಯಿಲ್ ಕೂಡ ಹಾಕಿಸ್ದೆ. ಮೊದ್ಲು ಒಣಗಿಸೋದು, ಆಮೇಲೆ ಬೆಚ್ಚಗೆ ಮಾಡೋದು. ಅಂಗಡೀಲಿ ಸಿಗೋ, ಡ್ಯಾಶ್‌ಬೋರ್ಡ್ ಕೆಳಗೆ ಕೂರೋ ಅಂಡರ್‌ಡ್ಯಾಶ್ ಯುನಿಟ್‌ಗಳ ಗಾಳಿ ಬರೀ ಮುಖಕ್ಕೆ ಬರುತ್ತೆ, ಗ್ಲಾಸಿಗೆ ದಾರಿ ನಾವೇ ಮಾಡ್ಕೋಬೇಕು. ನಂದು ಪಿವಿಸಿ ಪೈಪು, ಉದ್ದಕ್ಕೆ ಬೆರಳು ದಪ್ಪ ಸೀಳಿ ಗ್ಲಾಸಿನ ಬುಡಕ್ಕೆ ಕೂರಿಸಿದ್ದು, ನೋಡೋಕೆ ಚೆನ್ನಾಗಿಲ್ಲ, ಕೆಲಸ ಮಾತ್ರ ಪಕ್ಕಾ.

ಕಷ್ಟದ ಕೆಲಸ ಅಂದ್ರೆ ಕಂಪ್ರೆಸರ್, ಅಂದ್ರೆ ಇಂಜಿನ್ ಬೆಲ್ಟಿಂದ ತಿರುಗಿ ಎಸಿ ಗ್ಯಾಸ್ ಒತ್ತೋ ಪಂಪು, ಕೂರಿಸೋದು. ಈ ಇಂಜಿನ್ನಿಗೆ ರೆಡಿ ಬ್ರಾಕೆಟ್ ಸಿಗಲಿಲ್ಲ, ಚಿಕ್ಕಮಗಳೂರಲ್ಲಿ ಲೇತ್‌ನವರ ಹತ್ರ ದಪ್ಪ ಪ್ಲೇಟ್ ಕಟ್ ಮಾಡಿಸಿ, ಕ್ರ್ಯಾಂಕ್ ಪುಲ್ಲಿಗೆ ಇನ್ನೊಂದು ಗ್ರೂವ್ ಮಾಡಿಸ್ಬೇಕಾಯ್ತು. ಎರಡು ಪುಲ್ಲಿ ಒಂದೇ ನೇರಕ್ಕಿರ್ಬೇಕು, ಸ್ವಲ್ಪ ಓರೆಯಾದ್ರೂ ಬೆಲ್ಟು ಕಿರುಚುತ್ತೆ, ಆಮೇಲೆ ಸವೆದು ಕಿತ್ತೋಗುತ್ತೆ. 60 ಚಿಲ್ರೆ ಹಾರ್ಸ್‌ಪವರ್ ಇಂಜಿನ್ನಲ್ಲಿ ಕಂಪ್ರೆಸರ್ ಮೂರ್ನಾಲ್ಕು ತಿಂದ್ರೂ ಏರಲ್ಲಿ ಗೊತ್ತಾಗುತ್ತೆ, ಅದಕ್ಕೆ ಗೇರ್ ಲಿವರ್ ಪಕ್ಕದಲ್ಲೇ ಆಫ್ ಸ್ವಿಚ್ಚು. ಗ್ಯಾಸಿನ ಬಿಸಿ ಹೊರಗೆ ಬಿಡೋ ಕಂಡೆನ್ಸರ್ ರೇಡಿಯೇಟರ್ ಮುಂದೆ ಕೂರೋದ್ರಿಂದ ಇಂಜಿನ್ನಿಗೆ ಗಾಳಿ ಕಮ್ಮಿ ಆಗುತ್ತೆ, ಬೇರೆ ಎಲೆಕ್ಟ್ರಿಕ್ ಫ್ಯಾನ್ ಬೇಕೇ ಬೇಕು, ಫ್ಯಾನು ಬಂತು ಅಂದ್ರೆ ಕರೆಂಟ್ ಕೊಡೋ ಹಳೇ ಆಲ್ಟರ್ನೇಟರ್ ಸಾಲಲ್ಲ, ಹಿಂಗೆ ಒಂದರ ಬಾಲ ಹಿಡ್ಕೊಂಡು ಇನ್ನೊಂದು ಖರ್ಚು.

ಗುಜರಿಯಿಂದ ಹಳೇ ಕಾರಿನ ಕಂಪ್ರೆಸರ್ ತರೋರು ಅದರೊಳಗಿನ ಆಯಿಲ್ ನೋಡ್ಕೊಳ್ಳಿ. ಹಳೇ ಎಸಿಗಳ ಆರ್-12 ಗ್ಯಾಸಿನ ಕಾಲದ ಮಿನರಲ್ ಆಯಿಲ್ ಈಗಿನ ಆರ್-134ಎ ಗ್ಯಾಸ್ ಜೊತೆ ಬೆರೆಯಲ್ಲ, ಪೂರ್ತಿ ತೊಳೆದು ಅದಕ್ಕೆ ಹೊಂದೋ ಪಿಎಜಿ ಅನ್ನೋ ಸಿಂಥೆಟಿಕ್ ಆಯಿಲ್ ಹಾಕ್ಬೇಕು. ಇನ್ನು ಗ್ಯಾಸ್ ತುಂಬೋದು. ಹೊಸ ಕಾರುಗಳಲ್ಲಿ ಬಾನೆಟ್ ಕೆಳಗೆ ಇಷ್ಟು ಗ್ರಾಂ ಅಂತ ಬರೆದಿರುತ್ತೆ, ನಮ್ಮ ಜೀಪಿಗೆ ಯಾರು ಬರೀತಾರೆ? ಪ್ರೆಶರ್ ಗೇಜ್ ನೋಡಿನೇ ತುಂಬ್ಬೇಕು. ಆ ಗೇಜು ಅವತ್ತಿನ ಹವಾ ಮೇಲೆ ಬದಲಾಗುತ್ತೆ. ಎಸಿ ಆಫ್ ಇದ್ದಾಗ್ಲೇ 35 ಡಿಗ್ರಿ ಬಿಸಿಲಲ್ಲಿ 115 ಪಿಎಸ್‌ಐ ಹತ್ರ ತೋರ್ಸೋದು ನಮ್ಮ ಮಳೆಗಾಲದ 20 ಡಿಗ್ರಿಲಿ 70ರ ಹತ್ರ ನಿಲ್ಲುತ್ತೆ. ಬಯಲುಸೀಮೆಲಿ ಕೆಲಸ ಕಲಿತು ಬಂದ ಹುಡುಗ "ಗ್ಯಾಸ್ ಕಮ್ಮಿ ಇದೆ ಅಣ್ಣಾ" ಅಂತ ಇನ್ನಷ್ಟು ತುಂಬೋಕೆ ಹೊರಟಿದ್ದ, ಟೆಂಪರೇಚರ್ ಚಾರ್ಟ್ ತೋರಿಸಿ ನಿಲ್ಲಿಸ್ದೆ. ಓವರ್ ಚಾರ್ಜ್ ಆದ್ರೆ ಕಂಪ್ರೆಸರ್‌ಗೆ ಕುತ್ತು. ತುಂಬೋಕೆ ಮುಂಚೆ ಅರ್ಧ ಗಂಟೆ ಆದ್ರೂ ಪಂಪಿಂದ ಲೈನಿನ ಗಾಳಿ ಎಳೆದು ವ್ಯಾಕ್ಯೂಮ್ ಹಿಡಿಸಿ, ಇಲ್ಲಾಂದ್ರೆ ಲೈನಲ್ಲಿ ಉಳಿದ ತೇವ, ಗ್ಯಾಸ್ ಸಣ್ಣ ಕಿಂಡೀಲಿ ಹಾಯೋ ಎಕ್ಸ್‌ಪ್ಯಾನ್ಶನ್ ವಾಲ್ವಲ್ಲಿ ಐಸ್ ಆಗಿ ಕಟ್ಕೊಳುತ್ತೆ.

ಸಾಫ್ಟ್ ಟಾಪ್‌ನೋರು ಇದಕ್ಕೆ ದುಡ್ಡು ಹಾಕ್ಬೇಡಿ, ಸಂದಿಯಿಂದ ಬರೋ ತೇವದ ಮುಂದೆ ಯಾವ ಎಸಿನೂ ಗೆಲ್ಲಲ್ಲ. ಹಾರ್ಡ್ ಟಾಪಿಗೂ ಬಾಗಿಲಿಗೆ ರಬ್ಬರ್ ಬೀಡಿಂಗ್ ಹೊಸದು, ಪೆಡಲ್ ಹತ್ರ ಇರೋ ತೂತುಗಳೆಲ್ಲ ಬಂದ್. ಹಂಗೇ ಡ್ರೈನ್ ಪೈಪಿನ ತುದಿಗೆ ಸಣ್ಣ ಜಾಲರಿ ಕಟ್ಟಿ, ತೋಟದಲ್ಲಿ ವಾರಗಟ್ಲೆ ನಿಂತ ಜೀಪಿನ ಪೈಪಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ರೆ ನೀರೆಲ್ಲ ಪಕ್ಕದಲ್ಲಿ ಕೂತೋರ ಕಾಲ ಮೇಲೇ.