ಮೀಸಿ ಮಲ್ಲೇಶಿ ಯಾಕೆ ನಗಿಸಲಿಲ್ಲ

ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿನಲ್ಲಿ ನಾವು ಆರು ಜನ ಮೊಬೈಲ್ ಗೇಮ್ ಮಾಡುತ್ತೇವೆ. ನನ್ನ ಪಾಲಿಗೆ ಬಂದದ್ದು ಕಥೆ, ಮಾತು ಮತ್ತು ಕಾಳಗದ ಲೆಕ್ಕ. ಯಾರಿಗೆ ಎಷ್ಟು ಪ್ರಾಣ, ಯಾವ ಏಟಿಗೆ ಎಷ್ಟು ಪೆಟ್ಟು, ಇದನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ತುಂಬುವವಳು ನಾನೇ. ಗದಗಿನಲ್ಲಿ ಯಾರಾದರೂ ಕೇಳಿದರೆ ಅವ್ವ "ಕಂಪ್ಯೂಟರ್ ಕೆಲಸ" ಅಂತ ಹೇಳಿ ಮಾತು ಮುಗಿಸುತ್ತಾಳೆ.

ಈಗ ಮಾಡುತ್ತಿರುವ ಆಟದಲ್ಲಿ ಮೀಸಿ ಮಲ್ಲೇಶಿ ಅಂತ ಒಬ್ಬ ಕತ್ತಿವರಸೆಗಾರ ಇದ್ದಾನೆ. ಅಧ್ಯಾಯಕ್ಕೊಮ್ಮೆ ಬರಬೇಕು, ನಾಯಕಿಗೆ ಅಡ್ಡ ನಿಲ್ಲಬೇಕು, ಜಂಬ ಕೊಚ್ಚಬೇಕು, ಸೋತು ಓಡಬೇಕು. ಬರೆಯುವಾಗ ನಾನೇ ನಕ್ಕಿದ್ದೆ. ಆಫೀಸಿನಲ್ಲಿ ಓದಿ ತೋರಿಸಿದಾಗ ಎಲ್ಲರೂ ನಕ್ಕರು.

ಆಡಿಸಿ ನೋಡಿದಾಗ ಒಬ್ಬರೂ ನಗಲಿಲ್ಲ.

ವಿದ್ಯಾನಗರದ ಕಡೆಯ ಕೆಲವು ಕಾಲೇಜು ಹುಡುಗರನ್ನು ಕರೆದು, ಗಿರಮಿಟ್ಟು ಮಿರ್ಚಿ ತರಿಸಿ, ಫೋನ್ ಕೈಗೆ ಕೊಟ್ಟಿದ್ದೆವು. ಮಲ್ಲೇಶಿ ಮೊದಲ ಸಲ ಬಂದಾಗ ತುಟಿಯಂಚಲ್ಲಿ ಸ್ವಲ್ಪ ನಗು ಕಂಡಿತು. ಎರಡನೇ ಸಲ ಮಾತು ಓದದೇ ಪಟಪಟ ಒತ್ತಿದರು. ಮೂರನೇ ಸಲ ಒಬ್ಬ ತಲೆ ಎತ್ತಿ ಕೇಳಿದ: "ಮೇಡಮ್ರೀ, ಇವನ್ನ ಬಿಟ್ಟು ಮುಂದ ಹೋಗಾಕ ಬರಂಗಿಲ್ಲೇನ್ರಿ?" ಗಿರಮಿಟ್ಟು ಮಾತ್ರ ಪೂರ್ತಿ ಖಾಲಿಯಾಗಿತ್ತು.

ಮಾತಿನಲ್ಲೇ ಖಾರ ಕಡಿಮೆ ಆಗಿದೆ ಅಂದುಕೊಂಡೆ. ಎರಡು ವಾರ ಕೂತು ಜೋಕು ತಿದ್ದಿದೆ. ಆ ಎರಡು ವಾರ ಸುಮ್ನೆ ನೀರಿಗೆ ಹೋಯಿತು.

ನಮ್ಮ ಪ್ರೋಗ್ರಾಮರ್ ಹುಡುಗ ಒಂದು ದಿನ, "ಅಕ್ಕಾರ, ಗಿಲ್ಗಮೇಶ್‌ನ ನೋಡೀರೇನು?" ಅಂದ. ನೋಡಿರಲಿಲ್ಲ. 1992ರಲ್ಲಿ ಜಪಾನಿನಲ್ಲಿ ಬಂದ ಫೈನಲ್ ಫ್ಯಾಂಟಸಿ 5 ಆಟದ ಪಾತ್ರ ಅವನು. ಹಳೇ ಆಟವನ್ನೇ ಹೊಸದಾಗಿ ತಿದ್ದಿ 2021ರಲ್ಲಿ ಫೋನಿಗೂ ಬಿಟ್ಟಿದ್ದಾರೆ. ಧಾರವಾಡದ ರೂಮಿನಿಂದ ಆಫೀಸಿಗೆ ದಿನಾ ಚಿಗರಿ ಬಸ್ಸಿನಲ್ಲಿ ಓಡಾಡುವವಳು ನಾನು. ಹೋಗ್ತಾ ಬರ್ತಾ ಆಡಿದೆ.

ಹೆಸರು ಮೆಸೊಪೊಟೇಮಿಯದ ಪುರಾಣದ ರಾಜನದು. ಅವನ ಗೆಳೆಯ ಎಂಕಿಡುವಿನ ಹೆಸರೂ ಅಲ್ಲಿಂದಲೇ ಬಂದಿದೆ. ಆದರೆ ಆಟದಲ್ಲಿ ಇವನು ಎಕ್ಸ್‌ಡೆತ್ ಎಂಬ ಖಳನ ಕೈಕೆಳಗಿನ ಆಳು. ಕೆಂಪು ಬಟ್ಟೆ, ದೊಡ್ಡ ಬಾಯಿ. ಸೋಲುವ ಹಂತಕ್ಕೆ ಬಂದರೆ ಏನೋ ತುರ್ತು ಕೆಲಸ ನೆನಪಾಗುತ್ತದೆ, ಓಡುತ್ತಾನೆ. ಮತ್ತೆ ದೊಡ್ಡ ಸೇತುವೆಯ ಮೇಲೆ ಎದುರಾಗುತ್ತಾನೆ. ಆ ಕಾಳಗಕ್ಕೆ ನೊಬುವೊ ಉಎಮಾತ್ಸು ಕೊಟ್ಟ ಸಂಗೀತ ಇವತ್ತಿಗೂ ಆಟಗಾರರ ಬಾಯಲ್ಲಿದೆ. ನಗೆಗಾರನಿಗೆ ಇಷ್ಟು ಜೋರು ಸಂಗೀತ ಯಾಕೆ ಅಂತ ನನಗೆ ಮೊದಲು ಅನ್ನಿಸಿತು.

ಉತ್ತರ ಸೇತುವೆಯ ಮೇಲೇ ಸಿಕ್ಕಿತು. ನಾನು ಎರಡು ಸಲ ಸತ್ತೆ. ನವನಗರ ದಾಟುವಾಗ ಒಮ್ಮೆ, ಉಣಕಲ್ ಕೆರೆ ಹತ್ತಿರ ಇನ್ನೊಮ್ಮೆ. ಅವನ ಮಾತು ಮಾತ್ರ ಹಾಸ್ಯ, ಏಟು ಹಾಸ್ಯ ಅಲ್ಲ.

ಆಫೀಸಿಗೆ ಬಂದು ನಮ್ಮ ಹಾಳೆ ತೆಗೆದೆ. ಮಲ್ಲೇಶಿಗೆ ನಾನು ಕೊಟ್ಟಿದ್ದ ಪ್ರಾಣ 300. ಅದೇ ಅಧ್ಯಾಯದ ಕಾಡಿನಲ್ಲಿ ಸುಮ್ಮನೆ ಅಡ್ಡಾಡುವ ತೋಳಕ್ಕೆ 340! ನಗೆಯ ಪಾತ್ರ ಅಲ್ವಾ, ಕಷ್ಟ ಯಾಕೆ ಅಂತ ನಾನೇ ಇಳಿಸಿದ್ದೆ. ಜಂಬ ಕೊಚ್ಚಿಕೊಳ್ಳುವವನ ಮುಂದೆ ಆಟಗಾರನಿಗೆ ಒಂದು ಕ್ಷಣವೂ ಎದೆ ಡವಗುಟ್ಟದಿದ್ದರೆ, ಅವನು ಸೋತಾಗ ನಗು ಎಲ್ಲಿಂದ ಬರಬೇಕು?

ಗದಗಿನವಳಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ವೀರನಾರಾಯಣ ಗುಡಿಯ ಊರಲ್ಲಿ ಬೆಳೆದವರಿಗೆ ಕುಮಾರವ್ಯಾಸನ ಉತ್ತರಕುಮಾರ ಹೊಸಬನಲ್ಲ. ನನ್ನ ತಲೆಯಲ್ಲಿ ಇದ್ದದ್ದೂ ಅವನೇ. ಹೆಂಗಸರ ಮುಂದೆ ಪೌರುಷ, ಕೌರವರ ಸೇನೆ ಕಂಡೊಡನೆ ರಥದಿಂದ ಜಿಗಿದು ಓಟ. ಆದರೆ ಆ ಓಟ ಒಂದೇ ಸಲ. ಅಟ್ಟಿಸಿಕೊಂಡು ಹೋಗಿ ಹಿಡಿದು ತಂದ ಬೃಹನ್ನಳೆ ಅರ್ಜುನ ಅಂತ ತಿಳಿದ ಮೇಲೆ ಅದೇ ಹುಡುಗ ಅವನ ಸಾರಥಿಯಾಗಿ ಕೂರುತ್ತಾನೆ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸಾಯುತ್ತಾನೆ. ನಾನು ಓಟವನ್ನಷ್ಟೇ ತೆಗೆದುಕೊಂಡು ನಾಲ್ಕು ಸಲ ಓಡಿಸಿದ್ದೆ.

ಗಿಲ್ಗಮೇಶ್ ಹಾಗಲ್ಲ. ಪ್ರತಿ ಸಲ ಏನಾದರೂ ಹೊಸದು ತರುತ್ತಾನೆ. ಎಕ್ಸ್‌ಡೆತ್‌ನ ಕೋಟೆಯಲ್ಲಿ ಎಂಟು ಕೈಗಳ ರೂಪ ತಾಳುತ್ತಾನೆ. ಎಲ್ಲ ಕತ್ತಿಗಳಿಗಿಂತ ಮೇಲಾದ ಎಕ್ಸ್‌ಕ್ಯಾಲಿಬರ್ ನನ್ನ ಹತ್ತಿರ ಇದೆ ಅಂತ ಬೀಗಿ ಬೀಸುತ್ತಾನೆ. ಪೆಟ್ಟು: 1. ಅದು ನಕಲಿ. ಜಪಾನಿ ಲಿಪಿಯಲ್ಲಿ ಅಸಲಿ ಕತ್ತಿಯ ಹೆಸರಿಗೂ ನಕಲಿಯ ಹೆಸರಿಗೂ ಇರುವ ಅಂತರ 'ಬಾ', 'ಪಾ' ಅಷ್ಟೇ. ಒಂದರ ಮೂಲೆಯಲ್ಲಿ ಎರಡು ಸಣ್ಣ ಗೀರು, ಇನ್ನೊಂದರ ಮೂಲೆಯಲ್ಲಿ ಒಂದು ಸೊನ್ನೆ. ಇಂಗ್ಲಿಷಿಗೆ ತಂದವರು ನಕಲಿಯನ್ನು ಎಕ್ಸ್‌ಕ್ಯಾಲಿಪೂರ್ ಅಂತ ಮಾಡಿದರು, 'ಪೂರ್' ಅಂದರೆ ಬಡಪಾಯಿ. ಬಸ್ಸಿನಲ್ಲಿ ಜೋರಾಗಿ ನಕ್ಕೆ, ಪಕ್ಕದ ಅಜ್ಜಿ ಸೀಟು ಬದಲಿಸಿದರು. ಎರಡು ಸಲ ನನ್ನನ್ನು ಕೊಂದಿದ್ದವನ ಕೈಯಿಂದ ಬಂದದ್ದಕ್ಕೇ ಆ ಒಂದರ ಪೆಟ್ಟಿಗೆ ಅಷ್ಟು ನಗು ಬಂತು.

ಮಲ್ಲೇಶಿಯ ಪ್ರಾಣ 300ರಿಂದ 1,400ಕ್ಕೆ ಏರಿಸಿದೆ. ಒಂದೇ ಏಟಿಗೆ ನಾಯಕಿಯ ಜೊತೆಗಾರನನ್ನು ಕೆಡವುವ ಶಕ್ತಿ ಕೊಟ್ಟೆ. ಜೋಕುಗಳಲ್ಲಿ ಅರ್ಧದಷ್ಟು ಕಿತ್ತುಹಾಕಿದೆ, ಹೊಟ್ಟೆ ಉರಿಯಿತು.

ಅಲ್ಲಿಗೆ ಹೊಸ ತಲೆನೋವು. ಪ್ರಾಣ 200ಕ್ಕಿಂತ ಕೆಳಗೆ ಇಳಿದರೆ ಮಲ್ಲೇಶಿ ಓಡಬೇಕು ಅಂತ ಬರೆದಿದ್ದೆವು. ಜೋರಾದ ಮಂತ್ರ ಇರುವ ಆಟಗಾರ 450ರಿಂದ ನೇರ ಸೊನ್ನೆಗೆ ಇಳಿಸಿಬಿಟ್ಟ. ಮಲ್ಲೇಶಿ ಸತ್ತ. ಮುಂದಿನ ಅಧ್ಯಾಯದಲ್ಲಿ ಮೀಸೆ ತಿರುವುತ್ತಾ ಮತ್ತೆ ಬಂದ. ನಮ್ಮ ಸರ್ ಅದನ್ನು ನೋಡಿ, "ಇವನಿಗೆ ಶ್ರಾದ್ಧ ಮಾಡಿದ್ವಲ್ಲ?" ಅಂದರು. ಅವನ ಪ್ರಾಣ ಎಂಥ ಏಟಿಗೂ 1ಕ್ಕಿಂತ ಕೆಳಗೆ ಇಳಿಯಬಾರದು, 1ಕ್ಕೆ ಬಂದರೂ ಮೊದಲು ಓಡುವ ಮಾತು ಬರಬೇಕು ಅಂತ ಪ್ರೋಗ್ರಾಮರ್ ಕಟ್ಟು ಹಾಕಿದ. ಮತ್ತೆ ಮತ್ತೆ ಬರುವ ವೈರಿಯನ್ನು ಯಾರಾದರೂ ಮಾಡುತ್ತಿದ್ದರೆ ಈ ಕಟ್ಟು ಮೊದಲ ದಿನವೇ ಹಾಕಿಕೊಳ್ಳಿ.

ಮೂರನೇ ಅಧ್ಯಾಯಕ್ಕೆ ಅವನಿಗೂ ಒಂದು ಕತ್ತಿ ಬೇಕಿತ್ತು. ಗಿಲ್ಗಮೇಶನದನ್ನೇ ಎತ್ತಿಕೊಂಡೆ ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಹೆಸರು ನಮ್ಮದು. ರಾವಣನ ಚಂದ್ರಹಾಸವೇ ನನಗೆ ಸಿಕ್ಕಿದೆ ಅಂತ ಮಲ್ಲೇಶಿ ಮೀಸೆ ಮೇಲೆ ಕೈ ಹಾಕುತ್ತಾನೆ. ಪರದೆಯ ಮೇಲೆ ಕತ್ತಿಯ ಹೆಸರು 'ಚಂದ್ರಹಾಸ್ಯ'. ಪೆಟ್ಟು 1. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲು ಯ ಒತ್ತೇ ಕಾಣಲಿಲ್ಲ. ಚೌಕಾಕಾರದ ಸಣ್ಣ ಚುಕ್ಕಿಗಳ ಫಾಂಟಿನಲ್ಲಿ ಸಾಲಿನ ಕೆಳಗೆ ಜಾಗ ಇರಲಿಲ್ಲ, ಒತ್ತು ಕತ್ತರಿಸಿ ಹೋಗಿತ್ತು. ಎರಡು ಸಾಲುಗಳ ನಡುವಿನ ಜಾಗ ಹೆಚ್ಚಿಸಿದೆವು. ಈಗ ಒತ್ತು ಕಂಡಿತು. ಟೆಸ್ಟಿಂಗ್ ಹುಡುಗಿ ಅದನ್ನು ಕಾಗುಣಿತ ತಪ್ಪು ಅಂತ ಬಗ್ ಪಟ್ಟಿಗೆ, ಅಂದರೆ ಆಟದ ದೋಷಗಳ ಪಟ್ಟಿಗೆ, ಹಾಕಿದಳು. ನಾನು ರಜೆಯಲ್ಲಿದ್ದೆ. ಇನ್ಯಾರೋ ಅದನ್ನು ಶ್ರದ್ಧೆಯಿಂದ 'ಚಂದ್ರಹಾಸ' ಅಂತ ತಿದ್ದಿ ಮುಚ್ಚಿದರು. ಮರುದಿನ ಹೊಸ ದೂರು: ಚಂದ್ರಹಾಸದ ಪೆಟ್ಟು 1 ಮಾತ್ರ ಬರುತ್ತಿದೆ, ಲೆಕ್ಕ ತಪ್ಪಿದೆ. ಅದನ್ನೂ ತಿದ್ದಿ 900 ಮಾಡಿದ್ದರು. ನಾನು ವಾಪಸ್ ಬರುವಷ್ಟರಲ್ಲಿ ನನ್ನ ಜೋಕು ಆಟದ ಅತಿ ಭಯಂಕರ ಆಯುಧವಾಗಿತ್ತು. ಅವರದೇನೂ ತಪ್ಪಿಲ್ಲ. ಇದು ಬೇಕಂತಲೇ ಮಾಡಿದ್ದು ಅಂತ ಹಾಳೆಯಲ್ಲಿ ಒಂದು ಸಾಲು ಬರೆದಿಡಬೇಕಾದವಳು ನಾನು. ಈಗ ಪ್ರತಿ ಜೋಕಿನ ಪಕ್ಕ 'ಬೇಕಂತ' ಅಂತ ಒಂದು ಕಾಲಂ ಇದೆ.

ಮತ್ತೆ ಅದೇ ಹುಡುಗರನ್ನು ಕರೆಸಿದೆವು. ಕೆಳಗೆ ಬಿದ್ದ ಜೊತೆಗಾರನನ್ನು ನೋಡಿ ಒಬ್ಬ ಬೈದ. ಏನು ಬೈದ ಅಂತ ಇಲ್ಲಿ ಬರೆಯಲಾಗದು. ಚಂದ್ರಹಾಸ್ಯದ ಹತ್ತಿರ ಇಬ್ಬರು ಫೋನ್ ಪಕ್ಕದವನಿಗೆ ತೋರಿಸಿ ನಕ್ಕರು.

ಕೊನೆಗೆ ಇವನನ್ನು ಏನು ಮಾಡುವುದು ಅಂತ ಇನ್ನೂ ಗೊತ್ತಿಲ್ಲ. ಗಿಲ್ಗಮೇಶ್ ಕೊನೆಯ ಹೊತ್ತಿಗೆ ನಾಯಕರ ಪರ ನಿಂತು, ಒಬ್ಬೊಬ್ಬರಿಗೂ ಒಂದೊಂದು ಮಾತು ಹೇಳಿ ಪ್ರಾಣ ಕೊಡುತ್ತಾನೆ. ಮುಂದಿನ ಆಟಗಳಲ್ಲೂ ಅವನು ಅಲ್ಲಲ್ಲಿ ಮುಖ ತೋರಿಸುತ್ತಾನೆ, ಅದು ಬೇರೆ ಮಾತು. ಮಲ್ಲೇಶಿಯನ್ನು ಸಾಯಿಸಲು ನನಗೆ ಕೈ ಬರುತ್ತಿಲ್ಲ. ಸದ್ಯಕ್ಕೆ ನಾಲ್ಕನೇ ಅಧ್ಯಾಯದಲ್ಲಿ ಅವನನ್ನು ಬರಿಸಿಯೇ ಇಲ್ಲ. ಹೋದ ಶನಿವಾರ ಅದನ್ನು ಆಡಿಸಿದೆವು. ಸಂಜೆ ಬಗ್ ಪಟ್ಟಿ ತೆಗೆದರೆ ಬೇರೆ ಬೇರೆ ಇಬ್ಬರು ಹುಡುಗರು ಬರೆದ ಒಂದೇ ದೂರು ಇತ್ತು: "ಮಲ್ಲೇಶಿ ಬರ್ಲೇ ಇಲ್ರಿ. ಆಟ ಕೆಟ್ಟೈತೇನು?"

ಎರಡಕ್ಕೂ 'ಬೇಕಂತ' ಅಂತ ಬರೆದು ಮುಚ್ಚಿದ್ದೇನೆ.